ನಾಲ್ಕಕ್ಕೆ ಮೂರು

ವಾಲ್ಪರೈಸೊ, ರಾತ್ರಿಶಾಲೆ.
ಎಲಿಯೆಸೆರ್ ಮೇಷ್ಟ್ರು ಹಲಗೆಯ ಮೇಲೆ ಎರಡು ಅಕ್ಷ ಎಳೆದರು,
ಬಂದರಿನಲ್ಲಿ ಹಡಗೊಂದು ಕೂಗಿತು, ಸೀಮೆಸುಣ್ಣ ಮುರಿಯಿತು.
ನನಗೆ ಐವತ್ತಾರು. ಅವರಿಗೆ ನನ್ನ ಕಿರಿಮಗನ ವಯಸ್ಸು.
‘ಎರ್ಮೆಲಿಂದಾ, ನಿಮಗೆ ಗೊತ್ತಿರುವ ಒಂದು ಸರಳರೇಖೆ ಹೇಳಿ.’

ನನಗೆ ಗೊತ್ತಿರುವುದು ಒಂದೇ:
ಗುಡ್ಡಕ್ಕೆ ಏಣಿಯಂತೆ ಒರಗಿಸಿಟ್ಟ ಹಳಿ,
ಉಕ್ಕಿನ ಹಗ್ಗ ಎಳೆದರೆ ಹತ್ತುವ ಮರದ ಗಾಡಿ.
ಮೇಲೆ, ಯಂತ್ರದ ಕೋಣೆಯಲ್ಲಿ ಅಪ್ಪ,
ಗ್ರೀಸು ಮೆತ್ತಿದ ಕೈಯಲ್ಲೇ ರೊಟ್ಟಿ ಮುರಿಯುತ್ತ.
ಕೆಳಗೆ ಚೌಕದ ಗಡಿಯಾರ.
ಅದರ ಬುಡವೇ ಮೂಲಬಿಂದುವಾಗಲಿ ಅಂದೆ.
ಅಲ್ಲಿಂದ ನಾಲ್ಕು ಮೀಟರು ಆಚೆ, ಆರು ಎತ್ತರಕ್ಕೆ ಕೆಳನಿಲ್ದಾಣ.
ಅರವತ್ತನಾಲ್ಕು ಆಚೆ, ಐವತ್ತೊಂದು ಎತ್ತರಕ್ಕೆ ಅಪ್ಪನ ಸ್ಟೂಲು.

‘ಎರಡು ಬಿಂದು ಸಾಕು,
ಎರಡು ಸಿಕ್ಕಿದರೆ ಗೆರೆ ತಪ್ಪಿಸಿಕೊಳ್ಳಲಾರದು.’
ಕಳೆದೆ, ಭಾಗಿಸಿದೆ. ನಲವತ್ತೈದರ ಕೆಳಗೆ ಅರವತ್ತು.
ನಾಲ್ಕು ನಡೆದರೆ ಮೂರು ಏರು.
ನನ್ನ ಮೊಣಕಾಲಿಗೆ ಇದು ಮೊದಲೇ ಗೊತ್ತಿತ್ತು;
ಗಾಡಿ ನಿಂತು ಏಳು ವರ್ಷ,
ದಿನಕ್ಕೆರಡು ಸಲ ಪಕ್ಕದ ಮೆಟ್ಟಿಲು.

ವೈ ಸಮ ಮುಕ್ಕಾಲು ಎಕ್ಸ್, ಕೂಡು ಮೂರು.
ಈ ಮೂರು ಎಲ್ಲಿಂದ ಬಂತು ಮೇಷ್ಟ್ರೇ?
ಗಡಿಯಾರದ ಹೊಟ್ಟೆಯ ಹತ್ತಿರ ಹಳಿಯೇ ಇಲ್ಲವಲ್ಲ.
‘ಹಳಿ ಇಲ್ಲ. ಗೆರೆ ಇದೆ.’
ಇನ್ನೂ ಕೆಳಗಿಳಿಸಿದರು: ಸೊನ್ನೆಯ ಎತ್ತರ, ಋಣ ನಾಲ್ಕು.
ಮೀನಿನಂಗಡಿಯ ಮಂಜು ಕರಗಿ ಹರಿಯುವ ಚರಂಡಿ ಅದು.
ಇಷ್ಟು ವರ್ಷ ಅದನ್ನು ದಾಟುವಾಗ
ಅಪ್ಪನ ಗೆರೆಯನ್ನೇ ತುಳಿಯುತ್ತಿದ್ದೆನೇ?

ಒಂದೇ ಬಿಂದು, ಒಂದು ಇಳಿಜಾರು, ಅಷ್ಟಿದ್ದರೂ ಬರೆಯಬಹುದಂತೆ.
ಸ್ಟೂಲನ್ನೇ ಆರಿಸಿದೆ.
ವೈ ಕಳೆ ಐವತ್ತೊಂದು ಸಮ
ಎಕ್ಸ್ ಕಳೆ ಅರವತ್ತನಾಲ್ಕರ ಮುಕ್ಕಾಲು.
ಅಪ್ಪ ಲೋಕವನ್ನು ಅಳೆದದ್ದು ಹೀಗೇ:
ತಾನು ಕೂತಲ್ಲಿಂದ ಎಷ್ಟು ಕೆಳಗೆ, ಎಷ್ಟು ದೂರ.
ಹಡಗು, ಪಾದ್ರಿ, ನಾನು ತಂದ ಅಂಕಪಟ್ಟಿ, ಎಲ್ಲವನ್ನೂ.

ಎರಡನೆಯ ಹಳಿಯ ಮಾತು ನಾನು ತೆಗೆಯಲಿಲ್ಲ.
ಒಂದು ಗಾಡಿ ಇಳಿದರೆ ತಾನೇ ಇನ್ನೊಂದು ಏರುವುದು;
ಆ ಇನ್ನೊಂದರಲ್ಲಿ ನಿಬಾಲ್ದೊ, ಕಂಕುಳಲ್ಲಿ ಪತ್ರಿಕೆಯ ಕಟ್ಟು.
ಸರಿಯಾಗಿ ಮೂವತ್ತನಾಲ್ಕನೆಯ ಮೀಟರಿನಲ್ಲಿ
ಎರಡು ಕಿಟಕಿ ಎದುರುಬದುರು,
ಒಂದು ಉಸಿರಿನಷ್ಟು ಹೊತ್ತು.
ಪಕ್ಕದಿಂದ ನೋಡಿದ ಊರಿಗೆ ಕಂಡದ್ದು ಒಂದೇ ಗೆರೆ,
ಏನೇನೋ ಆಡಿಕೊಂಡಿತು.
ಮೇಲಿಂದ ನೋಡಿದ ಗಾಳಿಪಟಕ್ಕೆ ಮಾತ್ರ ಗೊತ್ತು,
ಇಳಿಜಾರು ಒಂದೇ, ಸಿ ಬೇರೆ.

ಸಾಮಾನ್ಯ ರೂಪ ನನಗೆ ಸೇರಲಿಲ್ಲ.
ಮೂರು ಎಕ್ಸ್ ಕಳೆ ನಾಲ್ಕು ವೈ ಕೂಡು ಹನ್ನೆರಡು ಸಮ ಸೊನ್ನೆ.
ಎಲ್ಲವನ್ನೂ ಎಡಕ್ಕೆ ದಬ್ಬಿ ಬಲಕ್ಕೆ ಬರಿಗೈ.
ನಗರಸಭೆಗೆ ನಾವು ಕೊಟ್ಟ ಅರ್ಜಿ ನೆನಪಾಯಿತು:
ಸಹಿ, ಲಗತ್ತು, ಮೊಹರು, ಫೋಟೊ,
ಆಚೆ ಕಡೆ ಸೊನ್ನೆ.
ಅವರೀಗ ಲಿಫ್ಟು ಕಟ್ಟುತ್ತಾರಂತೆ, ನೆಟ್ಟಗೆ.
ಎಕ್ಸ್ ಸಮ ಅರವತ್ತನಾಲ್ಕು.
ಇಳಿಜಾರು? ಮೇಷ್ಟ್ರು ತಲೆಯಾಡಿಸಿದರು.
ಸೊನ್ನೆಯಲ್ಲ, ಹೇಳಲಿಕ್ಕೇ ಬಾರದ್ದು.

ಪರೀಕ್ಷೆಯಲ್ಲಿ ಕೇಳಿದ್ದು ಆ ಸಾಮಾನ್ಯ ರೂಪವನ್ನೇ.
ನಾನು ಸ್ಟೂಲಿನಿಂದ ಬರೆದು ಕೊಟ್ಟೆ. ಅರ್ಧ ಅಂಕ.
ಗೆರೆ ಅದೇ ತಾನೆ ಅಂದೆ.
‘ಅದೇ. ಕೇಳಿದ ಹೆಸರಿನಲ್ಲಿ ನೀವು ಕರೆಯಲಿಲ್ಲ.’
ಕಚೇರಿಯಲ್ಲಿ ನಾನು ಎರ್ಮೆಲಿಂದಾ ದೆಲ್ ಕಾರ್ಮೆನ್,
ಗಾಡಿ ಇಳಿಯುವಾಗ ಅಪ್ಪ ಕೂಗುತ್ತಿದ್ದದ್ದು ಮೆಲೀ ಎಂದು.
ಹೇಳಲಿಲ್ಲ. ಪುಸ್ತಕ ಮಡಚಿದೆ.

ಮೆಟ್ಟಿಲು. ನಾಲ್ಕು, ಮೂರು. ನಾಲ್ಕು, ಮೂರು.
ನಡುವೆ ಒಂದು ನಾಯಿ ಅಡ್ಡ ಮಲಗಿತ್ತು.
ದಾಟಿದೆ.